ಮನೆಮಾತು ಬೇರೆ, ಬರೆದ ಮಾತು ಕನ್ನಡ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ದುಡಿಮೆಯನ್ನರಸಿ ಪರಸ್ಥಳದಿಂದ ಬಂದವರ ಮಕ್ಕಳು ಕನ್ನಡ ಶಾಲೆಯ ಹೊಸ್ತಿಲು ತುಳಿದಾಗ, ‘ಇವರಿಗೆ ಕನ್ನಡ ಒಲಿದೀತೆ?’ ಎಂಬ ಸಂಶಯ ಉಪಾಧ್ಯಾಯರಲ್ಲಿ ಮೂಡುವುದುಂಟು. ಈ ಸಂಶಯಕ್ಕೆ ನಮ್ಮ ಸಾಹಿತ್ಯಚರಿತ್ರೆಯೇ ಸಮಾಧಾನ ಹೇಳುತ್ತದೆ.

ಜರ್ಮನಿಯಿಂದ ಬಂದ ಕ್ರೈಸ್ತ ಪಾದ್ರಿ ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪಂಡಿತರಿಗೆ ಇಂದಿಗೂ ಅದೇ ಆಸರೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಶಿಶುನಾಳ ಷರೀಫರು ಮುಸಲ್ಮಾನ ಮನೆತನದಲ್ಲಿ ಜನಿಸಿ, ಗೋವಿಂದಭಟ್ಟರ ಶಿಷ್ಯರಾಗಿ, ಹಳ್ಳಿಯ ಆಡುಮಾತಿನಲ್ಲಿಯೇ ತತ್ತ್ವವನ್ನು ಹಾಡಿದರು.

ಕಾಸರಗೋಡಿನ ಸಾರಾ ಅಬೂಬಕ್ಕರರ ಮನೆಮಾತು ಮಲಯಾಳ. ಕಲಿತದ್ದು ಕನ್ನಡ ಶಾಲೆಯಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಅವರು ತಲಾಖಿನ ಕಟ್ಟಳೆಗೆ ಸಿಲುಕಿದ ನಾದಿರಾಳ ಸಂಕಟವನ್ನು ನಿರೂಪಿಸಿದರು. ಕನ್ನಡ ಓದುಗರು ಹೊರಗಿನಿಂದಷ್ಟೇ ಕಂಡಿದ್ದ ಮನೆಯ ಒಳಗನ್ನು ಒಳಗಿನವರೇ ತೋರಿಸಿದಂತಾಯಿತು. ಹಾಸನದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು.

ಇಂಥವರನ್ನು ‘ಅಲ್ಪಸಂಖ್ಯಾತ ಲೇಖಕರು’ ಎಂದು ಬೇರೆ ಪಂಕ್ತಿಯಲ್ಲಿ ಕೂಡಿಸುವುದು ಉಚಿತವಲ್ಲ; ಸಾಹಿತ್ಯದಲ್ಲಿಯೂ ಪಂಕ್ತಿಭೇದ ಸಲ್ಲದು. ಕನ್ನಡದಲ್ಲಿ ಇಲ್ಲದಿದ್ದ ಅನುಭವವನ್ನು ಕನ್ನಡಕ್ಕೆ ತಂದವರು ಇವರು. ಆದಕಾರಣ, ಮಗುವೊಂದು ತನ್ನ ಮನೆಮಾತಿನ ಪದವನ್ನು ತರಗತಿಯಲ್ಲಿ ನುಡಿದರೆ ಗದರಿಸದೆ, ಅದರ ಪಕ್ಕದಲ್ಲಿ ಕನ್ನಡ ಪದವನ್ನು ಬರೆದು ತೋರಿಸುವುದು ಉಪಾಧ್ಯಾಯರ ಧರ್ಮ.