ಧ್ರುವಪ್ರದೇಶಗಳ ಕಾವಲು

ಮೈಸೂರಿನ ರಾಮಕೃಷ್ಣನಗರದ ಶಾಲೆಯೊಂದರ ಗೋಡೆಯ ಮೇಲೆ ತೂಗುಹಾಕಿದ ಜಗತ್ತಿನ ಭೂಪಟವನ್ನು ನೋಡುವ ವಿದ್ಯಾರ್ಥಿಯಲ್ಲಿ ಒಂದು ಸಂದೇಹ ಮೂಡುವುದು ಸಹಜ. ದೇಶ ದೇಶಗಳಿಗೂ ಬೇರೆ ಬೇರೆ ಬಣ್ಣಗಳಿವೆ. ಕಟ್ಟಕಡೆಗೆ ದಕ್ಷಿಣದ ತುದಿಯಲ್ಲಿರುವ ಅಂಟಾರ್ಕ್ಟಿಕ ಖಂಡ ಮಾತ್ರ ಬರಿಯ ಬಿಳಿ. ಅದು ಯಾರದು? ಯಾರದೂ ಅಲ್ಲವೆಂದಾದರೆ ಅದನ್ನು ಕಾಯುವವರು ಯಾರು? ಈ ಪ್ರಶ್ನೆಯ ಉತ್ತರದಲ್ಲಿ ಭಾರತಕ್ಕೂ, ಮೈಸೂರು ನಗರಕ್ಕೂ ಒಂದು ಪಾಲಿದೆ.

ಬ್ರಿಟನ್, ಫ್ರಾನ್ಸ್, ನಾರ್ವೆ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಚಿಲಿ ಮತ್ತು ಅರ್ಜೆಂಟೀನ ಎಂಬ ಏಳು ರಾಷ್ಟ್ರಗಳು ಈ ಹಿಮಖಂಡದ ಭಾಗಗಳು ತಮ್ಮವೆಂದು ಸಾರಿದ್ದವು. ಈ ಖಂಡವು ಶಾಂತಿಯ ಕಾರ್ಯಗಳಿಗೆ ಮಾತ್ರ ವಿನಿಯೋಗವಾಗಬೇಕೆಂಬ ವಿಷಯವನ್ನು ಸಂಯುಕ್ತ ರಾಷ್ಟ್ರಸಂಘದ ಮುಂದಿಡಲು 1956ರಷ್ಟು ಹಿಂದೆಯೇ ಪ್ರಯತ್ನಿಸಿದ ದೇಶ ಭಾರತ. ಆ ಪ್ರಯತ್ನ ಅಂದು ಕೈಗೂಡಲಿಲ್ಲ. ಆದರೆ 1959ರ ಡಿಸೆಂಬರ್ 1ರಂದು ಹನ್ನೆರಡು ರಾಷ್ಟ್ರಗಳು ವಾಷಿಂಗ್ಟನ್ನಿನಲ್ಲಿ ಅಂಟಾರ್ಕ್ಟಿಕ ಒಪ್ಪಂದಕ್ಕೆ ಸಹಿ ಹಾಕಿದುವು. 1961ರ ಜೂನ್ 23ರಿಂದ ಅದು ಜಾರಿಗೆ ಬಂದಿತು. ಸೈನಿಕ ನೆಲೆ, ಶಸ್ತ್ರಪರೀಕ್ಷೆ, ಅಣುಸ್ಫೋಟ ಇವೆಲ್ಲವೂ ಅಲ್ಲಿ ನಿಷಿದ್ಧವಾದುವು. ಒಡೆತನದ ಹಕ್ಕುಗಳನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ಇದ್ದಲ್ಲಿಯೇ ನಿಲ್ಲಿಸಲಾಯಿತು.

ಆದರೆ ಬರಿಯ ಮಾತನ್ನು ನಂಬುವುದೆಂತು? ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಒಂದನ್ನೊಂದು ಶಂಕಿಸುತ್ತಿದ್ದ ಕಾಲ. ಆದುದರಿಂದ ಒಪ್ಪಂದದ ಏಳನೆಯ ವಿಧಿಯಲ್ಲಿ ಒಂದು ಅಪೂರ್ವ ವ್ಯವಸ್ಥೆಯನ್ನು ಮಾಡಲಾಯಿತು. ನಿರ್ಣಯಾಧಿಕಾರವುಳ್ಳ ಪ್ರತಿಯೊಂದು ಸದಸ್ಯ ರಾಷ್ಟ್ರವೂ ವೀಕ್ಷಕರನ್ನು ನೇಮಿಸಬಹುದು. ಆ ವೀಕ್ಷಕರು ಯಾವ ದೇಶದ ಯಾವ ಕೇಂದ್ರಕ್ಕಾದರೂ, ಯಾವ ವೇಳೆಯಲ್ಲಾದರೂ ಹೋಗಿ ಪರಿಶೀಲಿಸಬಹುದು. ತಾನು ಕಳುಹಿಸುವ ಯಾತ್ರಾತಂಡ, ಸೈನಿಕ ಸಿಬ್ಬಂದಿ ಮತ್ತು ಸಲಕರಣೆಗಳ ವಿವರವನ್ನು ಪ್ರತಿ ದೇಶವೂ ಮುಂಚಿತವಾಗಿ ತಿಳಿಸಬೇಕು. 1964ರಲ್ಲಿ ಅಮೆರಿಕದ ವೀಕ್ಷಕರು ಸೋವಿಯತ್ ಒಕ್ಕೂಟದ ವೊಸ್ತೊಕ್ ಕೇಂದ್ರವನ್ನು ಹೊಕ್ಕು ನೋಡಿಬಂದರು. ಬೇರೆಲ್ಲಿಯೂ ಊಹಿಸಲಾಗದಿದ್ದ ಈ ಭೇಟಿ ಹಿಮದ ನಡುವೆ ಸಾಧ್ಯವಾಯಿತು.

ಇಂತಹ ಪರಿಶೀಲನೆ ಏಕೆ ಬೇಕೆಂಬುದನ್ನು ಮೈಸೂರಿನ ನಿದರ್ಶನದಿಂದಲೇ ಅರಿಯಬಹುದು. ನಗರದ ಸಿದ್ಧಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು 1961ರಲ್ಲಿ ಸ್ಥಾಪಿತವಾದುದು ಯೋಧರ ಆಹಾರಕ್ಕಾಗಿ. ಅದು ಸಿದ್ಧಪಡಿಸಿದ, ಬಹುಕಾಲ ಕೆಡದೆ ಉಳಿಯುವ ಆಹಾರವು ಅಂಟಾರ್ಕ್ಟಿಕದ ಭಾರತೀಯ ವಿಜ್ಞಾನಿಗಳಿಗೂ ಒದಗಿದೆ. ರಣರಂಗಕ್ಕೆಂದು ಹುಟ್ಟಿದ ವಿದ್ಯೆ ವಿಜ್ಞಾನದ ಹಸಿವನ್ನು ತಣಿಸಿತು. ಶಾಂತಿಯ ಕಾರ್ಯಕ್ಕೆ ಸೈನ್ಯದ ನೆರವನ್ನು ಒಪ್ಪಂದವೂ ಅನುಮತಿಸುತ್ತದೆ. ಅನ್ನದ ಪೊಟ್ಟಣದ ವಿಷಯದಲ್ಲಿ ಯಾರಿಗೂ ಶಂಕೆ ಹುಟ್ಟದು. ಆದರೆ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಆಂಟೆನಾ ಅಂತಹುದಲ್ಲ; ಹವಾಮಾನವನ್ನು ತಿಳಿಸುವ ಉಪಕರಣವೇ ಪರರ ಚಲನವಲನವನ್ನೂ ತಿಳಿಸಬಲ್ಲುದು. ವಸ್ತುವನ್ನು ನೋಡಿದರೆ ಸಾಲದು, ಅದರ ಬಳಕೆಯನ್ನು ನೋಡಬೇಕು.

ಭಾರತದ ಮೊದಲ ಯಾತ್ರಾತಂಡವು ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 1982ರ ಜನವರಿ 9ರಂದು ಆ ನೆಲವನ್ನು ಮುಟ್ಟಿತು. 1983ರಲ್ಲಿ ಭಾರತವು ಒಪ್ಪಂದಕ್ಕೆ ಸೇರಿ, ಅದೇ ವರ್ಷ ನಿರ್ಣಯಾಧಿಕಾರವನ್ನೂ ಪಡೆಯಿತು. ಮುಂದೆ ದಕ್ಷಿಣ ಗಂಗೋತ್ರಿ, ಮೈತ್ರಿ, 2012ರಲ್ಲಿ ಭಾರತಿ ಎಂಬ ಕೇಂದ್ರಗಳು ನಿರ್ಮಾಣಗೊಂಡುವು. ಭಾರತಿ ಕೇಂದ್ರದಲ್ಲಿ ನಮ್ಮ ಉಪಗ್ರಹಗಳ ಮಾಹಿತಿಯನ್ನು ಪಡೆಯುವ ಭೂಕೇಂದ್ರವಿದೆ. ಅದೇ ಲಾರ್ಸ್‌ಮನ್ ಬೆಟ್ಟಸಾಲಿನಲ್ಲಿ ಚೀನಾ ಮತ್ತು ರಷ್ಯಾಗಳ ಕೇಂದ್ರಗಳೂ ನೆರೆಯಲ್ಲಿವೆ. ಭಾರತೀಯ ಅಂಟಾರ್ಕ್ಟಿಕ ಅಧಿನಿಯಮವನ್ನು ಸಂಸತ್ತು 2022ರಲ್ಲಿ ಅಂಗೀಕರಿಸಿತು. ಇದರಂತೆ ಯಾತ್ರೆಗೆ ಅನುಮತಿಪತ್ರ ಅವಶ್ಯ. ಅದನ್ನು ನೀಡುವ ಸಮಿತಿಯಲ್ಲಿ ಭೂವಿಜ್ಞಾನದವರೊಡನೆ ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದವರಿಗೂ ಸ್ಥಾನವುಂಟು. ಪರಿಸರದ ಕಾವಲೂ ದೇಶದ ಕಾವಲೂ ಇಲ್ಲಿ ಒಂದೆಡೆ ಕೂಡಿವೆ.

ಉತ್ತರ ಧ್ರುವದ ಸ್ಥಿತಿ ಬೇರೆ. ಅದು ಖಂಡವಲ್ಲ, ರಾಷ್ಟ್ರಗಳಿಂದ ಸುತ್ತುವರಿದ ಸಮುದ್ರ. ಅಲ್ಲಿ ಸೈನ್ಯವನ್ನು ನಿಷೇಧಿಸುವ ಸಮಗ್ರ ಒಪ್ಪಂದವಾಗಲಿ, ಪರರ ನೆಲೆಯನ್ನು ಹೊಕ್ಕು ನೋಡುವ ಹಕ್ಕಾಗಲಿ ಇಲ್ಲ. 1996ರಲ್ಲಿ ರಚಿತವಾದ ಆರ್ಕ್ಟಿಕ್ ಮಂಡಳಿಯು ಸೈನಿಕ ವಿಷಯಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. 2018ರಲ್ಲಿ ಚೀನಾ ತನ್ನನ್ನು ಆರ್ಕ್ಟಿಕ್ ಸಮೀಪದ ರಾಷ್ಟ್ರವೆಂದು ಕರೆದುಕೊಂಡಿತು. 2022ರಲ್ಲಿ ಉಕ್ರೇನಿನ ಯುದ್ಧದಿಂದಾಗಿ ಮಂಡಳಿಯ ಸಭೆಗಳೇ ಸ್ಥಗಿತಗೊಂಡುವು. ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ಹಿಮಾದ್ರಿ ಕೇಂದ್ರವನ್ನು ನಡೆಸುತ್ತಿರುವ ಭಾರತವು 2013ರಿಂದ ಈ ಮಂಡಳಿಯಲ್ಲಿ ವೀಕ್ಷಕ ರಾಷ್ಟ್ರ. ಬಾಗಿಲು ಮುಚ್ಚಿದೆಡೆ ಉಳಿಯುವುದು ಉಪಗ್ರಹದ ಕಣ್ಣು ಮತ್ತು ನೌಕೆಗಳ ಪಹರೆ. ಅವು ಕಾಣಬಲ್ಲವು, ವಿಶ್ವಾಸವನ್ನು ಬೆಳೆಸಲಾರವು.

ದಕ್ಷಿಣದ ವ್ಯವಸ್ಥೆಯೂ ನಿರ್ದುಷ್ಟವೆನ್ನಲಾಗದು. ಪರಿಶೀಲನೆಗೆ ಹಡಗು, ವಿಮಾನ, ಹಣ ಬೇಕು. ದೂರದ ಕೇಂದ್ರಗಳಿಗೆ ವೀಕ್ಷಕರು ಹೋಗುವುದು ಅಪರೂಪ. ಬಳಸದ ಹಕ್ಕು ಕಾಲಾಂತರದಲ್ಲಿ ಕಾಗದದ ಮೇಲಷ್ಟೇ ಉಳಿದೀತು. ಇನ್ನೊಬ್ಬರ ಬಾಗಿಲನ್ನು ತಟ್ಟುವ ಅಧಿಕಾರವುಳ್ಳವನು ತನ್ನ ಬಾಗಿಲನ್ನೂ ತೆರೆದಿಡಬೇಕು. ಭೂಪಟದ ಆ ಬಿಳಿಯ ಬಣ್ಣ ಉಳಿದುಬಂದಿರುವುದು ಕೋಟೆಯಿಂದಲ್ಲ, ಈ ನಿಯಮದಿಂದ. ನಾಳೆ ಅಲ್ಲಿಗೆ ಹೋಗಬಹುದಾದ ಇಂದಿನ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠವೂ ಇದೇ.