ಸಭೆಯವರು ಕೂಡಿ ದಿನಸಿ ಕೊಳ್ಳುವ ವಿಷಯ

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 6:1–6, ಧರ್ಮೋಪದೇಶಕಾಂಡ 25:13–16.

ಕೂಲಿಯಿಂದ ಜೀವಿಸುವ ಮನೆಗಳಲ್ಲಿ ಸಾಯಂಕಾಲವಾಗುತ್ತಲೇ ನಡೆಯುವ ಒಂದು ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ತಾಯಿಯು ಮಗುವಿನ ಕೈಗೆ ಒಂದು ಸೀಸೆಯನ್ನೂ ಒಂದು ಚೀಲವನ್ನೂ ಕೊಟ್ಟು ಅಂಗಡಿಗೆ ಕಳುಹಿಸುವಳು. ಮಗುವು ನೂರು ಗ್ರಾಂ ಬೇಳೆ, ಸ್ವಲ್ಪ ಎಣ್ಣೆ, ಹತ್ತು ರೂಪಾಯಿಯ ಹುಣಸೇಹಣ್ಣು ತರುವದು. ಕೈಯಲ್ಲಿ ಹಣವಿದ್ದರೆ ನಗದು. ಇಲ್ಲದಿದ್ದರೆ ಅಂಗಡಿಯವನ ಪುಸ್ತಕದಲ್ಲಿ ಬರೆಯಿಸುವದು. ಹೀಗೆ ಕೊಳ್ಳುವವರನ್ನು ಬುದ್ಧಿಯಿಲ್ಲದವರೆಂದು ಹಳಿಯುವದು ಸುಲಭ. ಆದರೆ ದಿನಗೂಲಿಯು ದಿನದಿನಕ್ಕೆ ಬರುವಾಗ ತಿಂಗಳ ಸಾಮಾನನ್ನು ಒಂದೇ ಸಾರಿ ಕೊಳ್ಳುವದು ಹೇಗೆ? ಆದಕಾರಣ ಹೆಚ್ಚು ಹಣವುಳ್ಳವನು ಕಡಿಮೆ ಬೆಲೆಗೆ ಕೊಳ್ಳುವನು, ಹಣವಿಲ್ಲದವನು ಹೆಚ್ಚು ಬೆಲೆ ಕೊಡುವನು.

ಇದನ್ನು ಲೆಕ್ಕದಿಂದಲೇ ನೋಡೋಣ. ಇಲ್ಲಿ ಹೇಳುವ ಬೆಲೆಗಳು ಲೆಕ್ಕಕ್ಕೆ ಮಾತ್ರ. ನಿಮ್ಮ ಸಂತೆಯ ಬೆಲೆಯನ್ನು ನೀವೇ ವಿಚಾರಿಸಿಕೊಳ್ಳಿರಿ. ಒಂದು ಮನೆಯವರು ದಿನಕ್ಕೆ 100 ಗ್ರಾಂ ತೊಗರಿಬೇಳೆಯನ್ನು 16 ರೂಪಾಯಿಗೆ ಕೊಳ್ಳುತ್ತಾರೆಂದು ನೆನಸಿರಿ. 30 ದಿವಸಕ್ಕೆ ಅದು 3 ಕಿಲೋ, ಕೊಟ್ಟ ಹಣ 480 ರೂಪಾಯಿ. ಅದೇ ಬೇಳೆ ಪೇಟೆಯಲ್ಲಿ 30 ಕಿಲೋ ಮೂಟೆಗೆ 3,900 ರೂಪಾಯಿಯಾದರೆ, ಹತ್ತು ಮನೆಯವರು ಹಂಚಿಕೊಂಡಾಗ ಮನೆಯೊಂದಕ್ಕೆ 390 ರೂಪಾಯಿ ಬೀಳುವದು. ಮೂಟೆಯನ್ನು ತರುವದಕ್ಕೆ 150 ರೂಪಾಯಿ ಬಾಡಿಗೆಯಾದರೆ ಮನೆಗೆ 15. ಅಂತೂ 405 ರೂಪಾಯಿ. ಉಳಿದದ್ದು 75 ರೂಪಾಯಿ, ವರುಷಕ್ಕೆ 900, ಅದೂ ಬೇಳೆಯೊಂದರಿಂದಲೇ. ಎಣ್ಣೆ, ಮೆಣಸಿನಕಾಯಿ, ಬೆಲ್ಲ, ಸಾಬೂನುಗಳ ಲೆಕ್ಕವನ್ನು ಓದುಬಲ್ಲ ಮಕ್ಕಳ ಕೈಯಿಂದ ಮಾಡಿಸಿರಿ. 2013ನೆಯ ಇಸವಿ ಜುಲೈ ತಿಂಗಳಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದಂದಿನಿಂದ ಬಡವರಿಗೆ ಅಕ್ಕಿಯ ಚಿಂತೆ ಬಹಳ ಮಟ್ಟಿಗೆ ಕಡಿಮೆಯಾಯಿತೆಂಬದು ನಿಜವೇ. ಆದರೂ ನ್ಯಾಯಬೆಲೆ ಅಂಗಡಿಯ ಚೀಲದಿಂದ ತಿಂಗಳ ಅಗತ್ಯವೆಲ್ಲಾ ತೀರುವದಿಲ್ಲ.

ಹೀಗೆ ಕೂಡಿ ಕೊಳ್ಳುವದು ಹೊಸ ಯೋಚನೆಯಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಮಂದಿ ಕೆಲಸಗಾರರು, ಅವರಲ್ಲಿ ಅನೇಕರು ನೇಕಾರರು, ತಲೆಗೆ ಒಂದು ಪೌಂಡಿನಂತೆ ಕೂಡಿಹಾಕಿ 1844ನೆಯ ಡಿಸೆಂಬರ್ 21ರಲ್ಲಿ ಒಂದು ಚಿಕ್ಕ ಅಂಗಡಿಯನ್ನು ತೆರೆದರು. ಅದರಲ್ಲಿದ್ದ ಸರಕು ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ, ಇಷ್ಟೇ. ಕಲಬೆರಕೆ ಮಾಡಬಾರದು, ತೂಕದಲ್ಲಿ ಕಡಿಮೆ ಮಾಡಬಾರದು, ಸಾಲ ಕೊಡಬಾರದು ಎಂಬ ನಿಯಮಗಳನ್ನು ಬಿಗಿಯಾಗಿ ಹಿಡಿದರು. ಬಂದ ಲಾಭವನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ಸರಿಯಾಗಿ ಹಂಚಿಕೊಟ್ಟರು. ನಮ್ಮ ಸೀಮೆಯಲ್ಲಿಯೂ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಒಕ್ಕಲಿಗರಿಗೋಸ್ಕರ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ದಿನಸಿಯ ಸಂಘವಲ್ಲ, ಸಾಲದ ಸಂಘ; ಆದರೆ ಹಳ್ಳಿಯವರು ತಮ್ಮ ಲೆಕ್ಕವನ್ನು ತಾವೇ ಇಡಬಲ್ಲರೆಂಬದನ್ನು ಅದು ತೋರಿಸಿತು.

ಸಭೆಗಳ ಮೂಲಕ ದಿನಸಿಯನ್ನು ಸೋವಿಯಾಗಿ ಕೊಡುವ ಕೆಲಸವು ಅಮೆರಿಕಾ ದೇಶದಲ್ಲಿ ಬಹು ದೊಡ್ಡದಾಗಿ ನಡೆಯಿತು. ಜಾರ್ಜಿಯಾ ಪ್ರಾಂತದಲ್ಲಿ 1994ರಲ್ಲಿ ಹುಟ್ಟಿದ ಏಂಜೆಲ್ ಫುಡ್ ಮಿನಿಸ್ಟ್ರೀಸ್ ಎಂಬ ಸಂಸ್ಥೆಯು ಸರಕನ್ನು ರಾಶಿಯಾಗಿ ಕೊಂಡು, ಒಂದು ಕುಟುಂಬಕ್ಕೆ ಸುಮಾರು ಒಂದು ವಾರಕ್ಕಾಗುವಷ್ಟು ಆಹಾರವನ್ನು ಪೆಟ್ಟಿಗೆಯಲ್ಲಿ ತುಂಬಿ, ಸುಮಾರು 30 ಡಾಲರಿಗೆ ಸಭೆಗಳ ಮುಖಾಂತರ ಕೊಡುತ್ತಿತ್ತು. ಜನರು ಮುಂಗಡವಾಗಿ ಹಣ ಕಟ್ಟುವರು, ಗೊತ್ತಾದ ದಿವಸ ಸಭೆಯ ಬಳಿಗೆ ಬಂದು ಪೆಟ್ಟಿಗೆ ಒಯ್ಯುವರು. ನೀನು ಬಡವನೋ ಎಂದು ಯಾರೂ ಕೇಳುತ್ತಿರಲಿಲ್ಲ; ಕೊಳ್ಳುವವನು ಭಿಕ್ಷೆ ಬೇಡುವವನಲ್ಲ, ಹಣ ಕೊಟ್ಟು ಕೊಳ್ಳುವವನು. ಈ ಕ್ರಮವು ನನಗೆ ಬಹಳ ಮೆಚ್ಚಿಕೆಯಾಯಿತು. ಆದರೆ ಆ ಸಂಸ್ಥೆಯು 2011ನೆಯ ಸೆಪ್ಟೆಂಬರ್ ತಿಂಗಳಲ್ಲಿ ನಿಂತುಹೋಯಿತು. ಅದನ್ನು ನಡಿಸಿದವರು ಹಣದ ವಿಷಯದಲ್ಲಿ ನ್ಯಾಯಸ್ಥಾನದ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತು. ಸೋವಿಯ ಪೆಟ್ಟಿಗೆಯನ್ನು ನಂಬಿದ್ದ ಮನೆಗಳಿಗೆ ನಷ್ಟವಾಯಿತು.

ಇಲ್ಲಿ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೆರೂಸಲೇಮಿನ ಸಭೆಯಲ್ಲಿ ಮೊದಲನೆಯ ಗುಣುಗುಟ್ಟುವಿಕೆಯು ಉಪದೇಶದ ವಿಷಯದಲ್ಲಿ ಹುಟ್ಟಲಿಲ್ಲ. ಊಟದ ಹಂಚಿಕೆಯಲ್ಲಿ ಹುಟ್ಟಿತು. ಗ್ರೀಕ್ ಭಾಷೆಯವರ ವಿಧವೆಯರನ್ನು ಲಕ್ಷ್ಯಮಾಡಲಿಲ್ಲವೆಂಬ ದೂರು ಅದು. ಅಪೊಸ್ತಲರು ದೂರುವವರನ್ನು ಗದರಿಸಲಿಲ್ಲ. ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ಜನರೇ ಆರಿಸಬೇಕೆಂದರು. ಆರಿಸಲ್ಪಟ್ಟವರ ಹೆಸರುಗಳನ್ನು ನೋಡಿದರೆ ಏಳೂ ಗ್ರೀಕ್ ಹೆಸರುಗಳೇ. ಅಂದರೆ, ಯಾರಿಗೆ ಅನ್ಯಾಯವಾಯಿತೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಬಂದಂತೆ ಕಾಣುತ್ತದೆ. ನಮ್ಮ ಸಭೆಗಳಲ್ಲಿ ಇಂಥ ಕೆಲಸ ಬಂದರೆ ಸಾಧಾರಣವಾಗಿ ಬೀಗದ ಕೈ ಯಾರ ಬಳಿಗೆ ಹೋಗುವದು? ಹೊಲವುಳ್ಳ ಹಿರಿಯರೊಬ್ಬರ ಬಳಿಗೆ, ಇಲ್ಲವೆ ಸಭಾಪಾಲಕರ ಮನೆಗೆ. ಅದು ಬೇಡ. ತಕ್ಕಡಿಯ ಬಳಿಯಲ್ಲಿ ಕೂಲಿ ಮಾಡುವ ಇಬ್ಬರು ಹೆಂಗಸರು ಇರಲಿ. ಲೆಕ್ಕ ಬರೆಯುವವನು ಒಬ್ಬನು, ಹಣ ಇಟ್ಟುಕೊಳ್ಳುವವನು ಇನ್ನೊಬ್ಬನು ಆಗಿರಲಿ. ತಿಂಗಳಿಗೊಂದಾವರ್ತಿ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಸರ್ಕಾರದ ಮುದ್ರೆಯಾದ ತೂಕವನ್ನೇ ಉಪಯೋಗಿಸತಕ್ಕದ್ದು. 30 ಕಿಲೋ ಮೂಟೆಯನ್ನು ಹತ್ತು ಪಾಲು ಮಾಡುವಾಗ ಚೆಲ್ಲಿದ್ದು, ಧೂಳು ಹೋದದ್ದು ಎಂದು ಸ್ವಲ್ಪ ಕಡಿಮೆ ಬೀಳುವದುಂಟು. ಆ ಕೊರತೆಯನ್ನು ಕಡೆಯಲ್ಲಿ ಬಂದ ವಿಧವೆಯ ಪಾಲಿಗೆ ಹಾಕದೆ ಮೊದಲೇ ಎಲ್ಲರಿಗೂ ಸಮನಾಗಿ ಹಾಕಬೇಕು. ಕರ್ತನ ದಿನದಲ್ಲಿ ತಕ್ಕಡಿಯನ್ನು ಹಿಡಿಯದೆ ವಾರದ ಪ್ರಾರ್ಥನೆಯ ಸಂಜೆಯನ್ನಾಗಲಿ ಸಂತೆಯ ಮರುದಿನವನ್ನಾಗಲಿ ಗೊತ್ತುಮಾಡಿಕೊಳ್ಳಿರಿ.

ಮೊದಲನೆಯ ಮೂಟೆಗೆ ಹಣವೆಲ್ಲಿ ಎಂದು ಕೇಳುವಿರಿ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಹೆಂಗಸರು ಅಡಿಗೆ ಮಾಡುವಾಗಲೆಲ್ಲಾ ಒಂದು ಹಿಡಿ ಅಕ್ಕಿಯನ್ನು ಪ್ರತ್ಯೇಕಿಸಿ ಇಡುತ್ತಾ ಬಂದಿದ್ದಾರೆ. ಅದನ್ನು ಮಾರಿ ಬಂದ ಹಣ ಸಭೆಯ ಕೆಲಸಕ್ಕೆ ಸಲ್ಲುವದು. ಅವರದು ಕಾಣಿಕೆ, ನಮ್ಮದು ಬಂಡವಾಳವಾಗಲಿ. ದಿನಕ್ಕೆ 50 ಗ್ರಾಂ ರಾಗಿಯಂತೆ ಹತ್ತು ಮನೆಯವರು ತೆಗೆದಿಟ್ಟರೆ ತಿಂಗಳಿಗೆ 15 ಕಿಲೋ ಆಗುವದು. ಮೂಟೆಯ ಬೆಲೆಯಾಗುವದಕ್ಕೆ ಕೆಲವು ತಿಂಗಳು ಬೇಕು. ಕಾಯಲಾರದವರು ವಾರಕ್ಕಿಷ್ಟೆಂದು ಮುಂಗಡ ಕಟ್ಟಲಿ. ಸಾಲ ತಂದು ಮಾತ್ರ ಆರಂಭಿಸಬೇಡಿರಿ. ಸಾಲವಾಗಿ ಕೊಡಲೂ ಬೇಡಿರಿ. ಒಬ್ಬನಿಗೆ ಕೊಟ್ಟ ಮೇಲೆ ಅವನ ಷಡ್ಡಕನಿಗೆ ಇಲ್ಲವೆನ್ನುವದು ಹೇಗೆ? ಖಾಯಿಲೆ ಬಿದ್ದ ಮನೆಗೆ ಸಹಾಯ ಬೇಕಾದರೆ ಸಭೆಯ ಧರ್ಮನಿಧಿಯಿಂದ ಬರಲಿ. ಅಂಗಡಿಯ ಲೆಕ್ಕವೂ ಧರ್ಮದ ಲೆಕ್ಕವೂ ಒಂದೇ ಪೆಟ್ಟಿಗೆಯಲ್ಲಿ ಬೆರೆಯಬಾರದು.

ಇನ್ನೊಂದು ಮಾತನ್ನು ಬಿಡದೆ ಹೇಳಬೇಕು. ಊರಿನ ಅಂಗಡಿಯವನು ನಮ್ಮ ಶತ್ರುವಲ್ಲ. ಪಾವಗಡದ ಕಡೆಯಲ್ಲಿ ಮಳೆ ಹೋದ ವರುಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಅವನು ಬರೆದುಕೊಂಡ ಸಾಲದಿಂದಲೇ. ಸೋವಿಯ ಬೇಳೆ ಸಿಕ್ಕಿತೆಂದು ಹಳೇ ಬಾಕಿಯನ್ನು ಮರೆತು ಅವನ ಬೀದಿಯನ್ನೇ ತಪ್ಪಿಸಿ ನಡೆಯುವವನು ಸಭೆಯ ಹೆಸರನ್ನು ಊರಿನಲ್ಲಿ ಕೆಡಿಸುವನು. ಎಲೀಷನ ಕಾಲದ ವಿಧವೆಯು ಎಣ್ಣೆ ತುಂಬಿದ ಪಾತ್ರೆಗಳು ದೊರಕಿದಾಗ ಮೊದಲು ಮಾಡಬೇಕಾದದ್ದು ಸಾಲ ತೀರಿಸುವದು, ಉಳಿದದ್ದರಿಂದ ಜೀವಿಸುವದು. ಹಾಗೆಯೇ ನಾವು ಉಳಿಸಿದ 75 ರೂಪಾಯಿ ಮೊದಲ ತಿಂಗಳುಗಳಲ್ಲಿ ಅವನ ಪುಸ್ತಕಕ್ಕೇ ಹೋಗತಕ್ಕದ್ದು. ಮತ್ತು ನೆರೆಮನೆಯವರು ಬೇರೆ ಮತದವರಾದರೂ ಮುಂಗಡ ಕಟ್ಟಲು ಬಂದರೆ ಅವರನ್ನು ಸೇರಿಸಿಕೊಳ್ಳಿರಿ. ಹತ್ತು ಮನೆ ಸಿಕ್ಕದ ಚಿಕ್ಕ ಸಭೆಗಳಿಗೆ ಇದರಿಂದ ಸಹಾಯವೂ ಆಗುವದು.

ಯಾವದನ್ನು ಯಾವಾಗ ಕೊಳ್ಳಬೇಕೆಂಬದು ಹಿರಿಯರಿಗೆ ತಿಳಿದ ಸಂಗತಿಯೇ. ನಮ್ಮ ಅಜ್ಜಂದಿರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ವರುಷಗಟ್ಟಲೆ ಇಡುತ್ತಿದ್ದರು. ರಾಗಿಗೆ ಹುಳ ಬೀಳುವದು ಕಡಿಮೆ. ಈಗ ಹಗೇವು ತೆಗೆಯುವವರು ಅಪರೂಪ, ಆದರೂ ಸುಗ್ಗಿಯಲ್ಲಿ ಕೊಂಡು ಹಲಗೆಯ ಮೇಲೆ ಮೂಟೆಯನ್ನಿಟ್ಟರೆ ಆಷಾಢದ ವರೆಗೆ ಭಯವಿಲ್ಲ. ಬೇಳೆಯನ್ನು ಹಾಗೆ ಇಡಬೇಡಿರಿ. ಒಂದು ತಿಂಗಳಿಗೆ ಬೇಕಾದಷ್ಟೇ ಸಾಕು.

ಪ್ರಾರಂಭಕ್ಕೆ ಹುಣಸೇಹಣ್ಣೇ ಉತ್ತಮವೆಂದು ನನ್ನ ಅಭಿಪ್ರಾಯ. ಮರಗಳು ನಮ್ಮ ತಾಲ್ಲೂಕುಗಳಲ್ಲಿಯೇ ಇವೆ, ತುಮಕೂರಿನ ಪೇಟೆಗೆ ಮೂಟೆಗಳು ಇಲ್ಲಿಂದಲೇ ಹೋಗುವವು, ಹೀಗಿದ್ದೂ ನಮ್ಮ ಹೆಂಗಸರು ಅದನ್ನು ಹತ್ತು ರೂಪಾಯಿಯ ಉಂಡೆಯಾಗಿ ಕೊಳ್ಳುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹಣ್ಣಾದ ಕಾಯಿಯನ್ನೇ ಕೊಳ್ಳಿರಿ. 100 ಕಿಲೋ ಕಾಯಿಯಲ್ಲಿ ತಿರುಳು ಸುಮಾರು 55 ಕಿಲೋ ಮಾತ್ರ, ಮಿಕ್ಕದ್ದು ಬೀಜವೂ ಸಿಪ್ಪೆಯೂ ನಾರೂ. ಬೆಲೆ ಮಾತಾಡುವಾಗ ಇದನ್ನು ಮರೆಯಬೇಡಿರಿ. ಬೀಜವನ್ನು ಎಸೆಯದೆ ಕೂಡಿಸಿಟ್ಟರೆ ಅದನ್ನೂ ಕೊಳ್ಳುವವರಿದ್ದಾರೆ. ಸ್ತ್ರೀಯರ ಕೂಟದವರು ಎರಡು ಮಧ್ಯಾಹ್ನ ಕೂತು ಸಿಪ್ಪೆ ಬಿಡಿಸಿ, ಬೀಜ ತೆಗೆದು, ಬಿಸಿಲಿಗೆ ಹಾಕಿ, ಉಪ್ಪು ಬೆರಸಿ ಗಡಿಗೆಗಳಲ್ಲಿ ಒತ್ತಿ ತುಂಬಿದರೆ ಮುಂದಿನ ಸುಗ್ಗಿಯ ವರೆಗೂ ಕೆಡದು.