ಬಾಕಿ ಬಿಲ್ಲು: ಸಣ್ಣ ಸೇವಾ ಉದ್ಯಮಗಳು ಅರಿತಿರಬೇಕಾದ ಲೆಕ್ಕ ಮತ್ತು ಕಾನೂನು

ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯನ್ನು ನೆಚ್ಚಿಕೊಂಡಿರುವ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಸಣ್ಣ ಸೇವಾ ಉದ್ಯಮಗಳು ಮುಖ್ಯವಾಗಿ ಎರಡು ಬಗೆಯಲ್ಲಿ ಕಾಣಸಿಗುತ್ತವೆ. ಸಸ್ತಾಪುರ ಬಂಗ್ಲಾದ ಆಟೋನಗರದಲ್ಲಿ ಲಾರಿಗಳ ಎಂಜಿನ್, ಬಾಡಿ, ವೆಲ್ಡಿಂಗ್ ಕೆಲಸ ಮಾಡುವ ಗ್ಯಾರೇಜುಗಳದು ಮೊದಲನೆಯ ಬಗೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಯಂತ್ರಗಳ ನಿರ್ವಹಣೆ, ವಾಹನ ಬಾಡಿಗೆ, ಕಾವಲು, ಸ್ವಚ್ಛತೆ ಮೊದಲಾದ ಸೇವೆ ಒದಗಿಸುವವರದು ಎರಡನೆಯದು. ಇಬ್ಬರ ದೂರೂ ಒಂದೇ: ಕೆಲಸ ಮುಗಿದಿದೆ, ಹಣ ಬಂದಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವರ ಸ್ಥಿತಿ ಒಂದೇ ಅಲ್ಲ. ಗ್ಯಾರೇಜಿನವನ ಬಳಿ ಲಾರಿ ನಿಂತಿರುತ್ತದೆ; ನಿರ್ವಹಣೆಯ ಗುತ್ತಿಗೆದಾರನ ಬಳಿ ಕಾಗದದ ಹೊರತು ಏನೂ ಇರುವುದಿಲ್ಲ.

ವಿಳಂಬದ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವವರು ವಿರಳ. ತಿಂಗಳಿಗೆ 1,00,000 ರೂ. ಬಿಲ್ಲು ಮಾಡುವ ಗುತ್ತಿಗೆದಾರನೊಬ್ಬನಿಗೆ ಕೂಲಿ ಮತ್ತು ಸಾಮಗ್ರಿಗೆ 80,000 ರೂ. ತಗಲುತ್ತದೆ ಎಂದಿಟ್ಟುಕೊಂಡರೆ ಉಳಿಯುವುದು 20,000 ರೂ. ಬಿಲ್ಲಿನ ಮೇಲಿನ ಶೇ 18ರ ಜಿಎಸ್‌ಟಿಯನ್ನು ಹಣ ಬರಲಿ, ಬಾರದಿರಲಿ, ಬಿಲ್ಲಿನ ದಿನಾಂಕಕ್ಕೆ ಅನುಗುಣವಾಗಿ ಕಟ್ಟಲೇಬೇಕು. ಗ್ರಾಹಕನು ನಾಲ್ಕು ತಿಂಗಳು ತಡಮಾಡಿದರೆ, ಹೂಡುವಳಿ ತೆರಿಗೆಯ ಜಮೆಯನ್ನು ಬದಿಗಿಟ್ಟು ನೋಡಿದಾಗ, ಗುತ್ತಿಗೆದಾರನ ಕೈಯಿಂದ ಹೋದ ಮೊತ್ತ 3,92,000 ರೂ. ಇಷ್ಟನ್ನು ತಿಂಗಳಿಗೆ ಶೇ 2ರ ಬಡ್ಡಿಗೆ ತಂದಿದ್ದರೆ ತಿಂಗಳ ಬಡ್ಡಿಯೇ 7,840 ರೂ.; ಅಂದರೆ ಲಾಭದ ಐದರಲ್ಲಿ ಸುಮಾರು ಎರಡು ಪಾಲು. ಗ್ರಾಹಕನು ಬಡ್ಡಿಯಿಲ್ಲದೆ ಬಳಸುವ ಹಣಕ್ಕೆ ಬಡ್ಡಿ ತೆರುವವನು ಗುತ್ತಿಗೆದಾರ. ಬೆಲೆ ನಿಗದಿಪಡಿಸುವಾಗಲೇ ಉದ್ರಿಯ ಈ ವೆಚ್ಚವನ್ನು ಸೇರಿಸದಿರುವುದು ಈ ಭಾಗದ ಉದ್ಯಮಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಲೋಪ.

ಗ್ಯಾರೇಜಿನವನ ಹಿಡಿತದ ಹಕ್ಕು

1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮಿನ ಪ್ರಕಾರ, ತನ್ನ ವಶಕ್ಕೆ ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿ ಕೆಲಸವನ್ನು ಕರಾರಿನಂತೆ ಪೂರೈಸಿದವನು, ಪ್ರತಿಫಲ ಸಲ್ಲುವವರೆಗೆ ಆ ವಸ್ತುವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು. ಲಾರಿಯ ದುರಸ್ತಿಗೂ ಇದು ಅನ್ವಯಿಸುತ್ತದೆ. ಆದರೆ ಉದ್ರಿಗೆ ಒಪ್ಪಿದ ಕ್ಷಣ ಈ ಹಕ್ಕು ಇಲ್ಲವಾಗುತ್ತದೆ. ಮೂರು ತಿಂಗಳ ವಾಯಿದೆ ಕೊಟ್ಟು ಕೋಟು ಹೊಲಿಯಲು ಒಪ್ಪಿದ ದರ್ಜಿಯು ಅದನ್ನು ತಡೆಹಿಡಿಯುವಂತಿಲ್ಲವೆಂಬ ಉದಾಹರಣೆಯನ್ನು ಕಾಯಿದೆಯೇ ಕೊಟ್ಟಿದೆ. “ಬಾಡಿಗೆ ಬಂದ ಕೂಡಲೇ ಕೊಡುತ್ತೇನೆ” ಎಂಬ ಮಾತಿಗೆ ತಲೆದೂಗಿ ಲಾರಿ ಬಿಟ್ಟ ಮಾಲೀಕನು ಅಲ್ಲಿಗೆ ತನ್ನ ಭದ್ರತೆಯನ್ನೂ ಬಿಟ್ಟಂತೆ. ಹಳೆಯ ಬಾಕಿಗಾಗಿ ಹೊಸದಾಗಿ ಬಂದ ಲಾರಿಯನ್ನು ತಡೆಯಲೂ ಈ ಕಲಮು ಅವಕಾಶ ನೀಡದು. ಆದ್ದರಿಂದ ಕೆಲಸಕ್ಕೆ ಮುನ್ನ ಅಂದಾಜು ಪಟ್ಟಿಗೆ ಸಹಿ, ಬಿಡಿಭಾಗಗಳ ಪೂರ್ತಿ ಬೆಲೆ ಮುಂಗಡ, ಉಳಿದದ್ದು ವಾಹನ ಹೊರಡುವಾಗ ಎಂಬ ಕ್ರಮವೇ ಕ್ಷೇಮಕರ.

ನಿರ್ವಹಣೆಯ ಗುತ್ತಿಗೆದಾರನ ದಿನಗಳ ಲೆಕ್ಕ

ಇಂಥವರಿಗೆ ಆಸರೆಯಾಗಿರುವುದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ. ಇದರ 15ನೆಯ ಕಲಮಿನ ‘45 ದಿನ’ ಎಲ್ಲರ ಬಾಯಲ್ಲಿದೆಯಾದರೂ ಅದರ ಅರ್ಥ ಹಲವರಿಗೆ ಸ್ಪಷ್ಟವಿಲ್ಲ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ನಮೂದಿಸಿದ ದಿನದೊಳಗೆ ಹಣ ಸಲ್ಲಬೇಕು. ಆ ವಾಯಿದೆ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಅವಧಿ ಕೇವಲ 15 ದಿನ. ಕಂಪನಿಯು ತನ್ನ ಆದೇಶ ಪತ್ರದಲ್ಲಿ 90 ದಿನವೆಂದು ಅಚ್ಚು ಹಾಕಿಸಿದ್ದರೂ ಅದು ನಿಲ್ಲದು.

ದಿನಗಳನ್ನು ಎಣಿಸುವುದು ಸೇವೆ ಸಲ್ಲಿಸಿದ ದಿನದಿಂದ. ಗ್ರಾಹಕನಿಗೆ ಆಕ್ಷೇಪವಿದ್ದರೆ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಆಗ ಆಕ್ಷೇಪ ನಿವಾರಣೆಯಾದ ದಿನದಿಂದ ಎಣಿಕೆ. ಫೋನಿನಲ್ಲಿ ಹೇಳಿದ ಆಕ್ಷೇಪ ಲೆಕ್ಕಕ್ಕಿಲ್ಲ. ಇಲ್ಲಿಯೇ ಬಹಳಷ್ಟು ಪ್ರಕರಣಗಳು ಸಡಿಲಗೊಳ್ಳುತ್ತವೆ. ಕೆಲಸ ಮುಗಿದ ದಿನವನ್ನು ತೋರಿಸುವ, ಕಾರ್ಖಾನೆಯ ಮೇಲ್ವಿಚಾರಕನ ಸಹಿಯುಳ್ಳ ಚೀಟಿ ಇಲ್ಲದಿದ್ದರೆ ಎಣಿಕೆ ಎಲ್ಲಿಂದ ಆರಂಭ? ದುಬಾರಿ ವಕೀಲರ ನೋಟೀಸಿಗಿಂತ ಈ ಚೀಟಿಯೇ ಹೆಚ್ಚು ಬೆಲೆಯುಳ್ಳದ್ದು.

ವಾಯಿದೆ ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಲ್ಲಬೇಕು. ರೆಪೋ ದರ ಬೇರೆ, ಬ್ಯಾಂಕ್ ದರ ಬೇರೆ ಎಂಬುದನ್ನು ಮರೆಯಬಾರದು. ಬ್ಯಾಂಕ್ ದರ ಶೇ 6 ಇದ್ದರೆ ಬಡ್ಡಿ ಶೇ 18, 1,00,000 ರೂ. ಬಾಕಿಗೆ ಒಂದು ವರ್ಷಕ್ಕೆ 19,562 ರೂ. ಈ ಬಡ್ಡಿಯನ್ನು ಗ್ರಾಹಕನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ ಈ ರಕ್ಷಣೆ, ಮಧ್ಯಮ ಉದ್ಯಮಗಳಿಗಿಲ್ಲ. 2021ರಿಂದ ವರ್ತಕರಿಗೂ ಉದ್ಯಮ್ ನೋಂದಣಿ ಸಿಗುತ್ತಿದೆಯಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಬಿಡಿಭಾಗ ಮಾರುವ ಗ್ಯಾರೇಜು ತನ್ನ ನೋಂದಣಿಯಲ್ಲಿ ದುರಸ್ತಿ ಸೇವೆಯನ್ನೂ ನಮೂದಿಸಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಕರಾರಿನ ನಂತರ ನೋಂದಣಿಯಾದರೆ ಹಿಂದಿನ ಕೆಲಸಕ್ಕೆ ಲಾಭವಿಲ್ಲವೆಂದು ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು ನೋಂದಣಿಯ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಶುಲ್ಕವೇ ಇಲ್ಲದ ನೋಂದಣಿಯನ್ನು ಮುಂದೂಡಿ ಈ ಚರ್ಚೆಗೆ ಸಿಲುಕುವ ಅಗತ್ಯ ಯಾರಿಗೂ ಇಲ್ಲ.

ಕಬ್ಬು ಬೆಳೆಗಾರನಿಗೆ 14 ದಿನಗಳಲ್ಲಿ ಹಣ ಸಲ್ಲಬೇಕು, ತಪ್ಪಿದರೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಜಿಲ್ಲೆಯ ರೈತರಿಗೆ ಆ ನಿಯಮ ಚೆನ್ನಾಗಿ ಗೊತ್ತು. ಅದನ್ನೆತ್ತಿಕೊಂಡು ಅವರು ಸಂಘಟಿತರಾಗಿ ಕೇಳುತ್ತಾರೆ. ಸೇವಾ ಉದ್ಯಮಿಯು ಒಬ್ಬನೇ ಕೇಳಬೇಕಾಗಿರುವುದರಿಂದ ಮುಂದಿನ ಕೆಲಸ ತಪ್ಪೀತೆಂಬ ಭಯ ಅವನನ್ನು ಕಾಡುತ್ತದೆ. ಈ ಭಯ ನಿರಾಧಾರವಲ್ಲ. ವರ್ಷದ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಒಂದೇ ಕಾರ್ಖಾನೆಯಿಂದ ಬರುತ್ತಿದ್ದರೆ ಯಾವ ಕಾನೂನೂ ಧೈರ್ಯ ಕೊಡಲಾರದು.

ಆದುದರಿಂದ ದಾವೆಗೆ ಮುನ್ನ ಗ್ರಾಹಕನ ಲೆಕ್ಕ ವಿಭಾಗಕ್ಕೆ ಅವರದೇ ನಷ್ಟವನ್ನು ನೆನಪಿಸುವುದು ಜಾಣತನ. 2023ರ ಹಣಕಾಸು ಕಾಯಿದೆ ಸೇರಿಸಿದ 43ಬಿ(ಎಚ್) ಕಲಮು 2024–25ರ ತೆರಿಗೆ ನಿರ್ಧರಣಾ ವರ್ಷದಿಂದ ಅನ್ವಯವಾಯಿತು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯಿದೆಯಲ್ಲೂ ಈ ನಿಯಮ ಉಳಿದಿದೆ. ಇದರಂತೆ ವಾಯಿದೆ ಮೀರಿದ ಬಾಕಿ ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗುತ್ತದೆ. ಜಿಎಸ್‌ಟಿಯಲ್ಲಿಯೂ ಬಿಲ್ಲಿನ ದಿನದಿಂದ 180 ದಿನಗಳೊಳಗೆ ಹಣ ಕೊಡದವನು ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದು, ಫೆಬ್ರವರಿಯಲ್ಲಿ ಬಾಕಿಯ ಪಟ್ಟಿಯೊಂದಿಗೆ ವಿನಯದ ಪತ್ರವೊಂದು ಹೋದರೆ, ಮಾಲೀಕನು ಸುಮ್ಮನಿದ್ದರೂ ಅವನ ಲೆಕ್ಕಪರಿಶೋಧಕನು ಸುಮ್ಮನಿರಲಾರ.

ಅದೂ ಫಲಿಸದಿದ್ದರೆ ಸೌಲಭ್ಯ ಮಂಡಲಿಗೆ ಅರ್ಜಿ. ಗ್ರಾಹಕನ ಕೇಂದ್ರ ಕಚೇರಿ ಹೈದರಾಬಾದಿನಲ್ಲಿರಲಿ, ಮುಂಬೈಯಲ್ಲಿರಲಿ, ಸೇವೆ ಒದಗಿಸಿದವನ ಸ್ಥಳದ ಮಂಡಲಿಗೇ ಅಧಿಕಾರ. ಮೊದಲು ಸಂಧಾನ, ನಂತರ ಪಂಚಾಯ್ತಿ ತೀರ್ಪು. ತೀರ್ಪನ್ನು ಪ್ರಶ್ನಿಸುವ ಗ್ರಾಹಕನು ಶೇ 75ರಷ್ಟು ಠೇವಣಿ ಇಡಬೇಕು. 90 ದಿನಗಳಲ್ಲಿ ಇತ್ಯರ್ಥವೆಂಬುದು ಕಾಯಿದೆಯ ಮಾತು. ಅಷ್ಟನ್ನೇ ನಂಬಿ ಕೂರಲಾಗದು.

ಅವಧಿ ಮೀರುವ ಮುನ್ನ

ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಡುವ ಅವಧಿ ಮೂರು ವರ್ಷ. ಅದು ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಗ್ರಾಹಕನು ಸಹಿ ಮಾಡಿದರೆ ಹೊಸ ಮೂರು ವರ್ಷ ಆರಂಭವಾಗುತ್ತದೆ. ಭಾಗಶಃ ಹಣ ಕೊಟ್ಟರೂ ಹಾಗೆಯೇ, ಆದರೆ ಕೊಟ್ಟವನ ಕೈಬರಹ ಅಥವಾ ಸಹಿಯಿರಬೇಕು. ಕಲ್ಯಾಣದ ನೆಲಕ್ಕೆ ಇದು ಹೊಸತಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯೂ ಪ್ರಮಾಣಗಳಲ್ಲಿ ಬರಹವನ್ನು ಮೊದಲು ಎಣಿಸಿ, ಕಂತಿನಲ್ಲಿ ತೀರಿಸುವ ಸಾಲಗಾರನು ಕೊಟ್ಟಷ್ಟನ್ನೂ ಪತ್ರದ ಹಿಂಬದಿಯಲ್ಲಿ ಬರೆಯಬೇಕೆಂದು ವಿಧಿಸಿದೆ.

2024ರ ಆಗಸ್ಟ್ 10ರಂದು ಮುಗಿದ ಕೆಲಸದ ಬಾಕಿಗೆ 2027ರ ಆಗಸ್ಟ್‌ನಲ್ಲಿ ಅವಧಿ ತೀರುತ್ತದೆ. ಗ್ರಾಹಕನು 2026ರ ಮಾರ್ಚ್ 31ರಂದು ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿದ್ದರೆ ಅದು 2029ರ ಮಾರ್ಚ್‌ವರೆಗೆ ಜೀವಂತ. ಪತ್ರದಲ್ಲಿ ಮೊತ್ತ, ದಿನಾಂಕ ಮತ್ತು ಸಹಿ ಮಾಡಿದವರ ಹುದ್ದೆ ಮೂರೂ ಇರಬೇಕು. ಕಚೇರಿಯ ಆವಕ ಮುದ್ರೆಯಷ್ಟೇ ಬಿದ್ದಿದ್ದರೆ ಪತ್ರ ತಲುಪಿದ್ದಕ್ಕೆ ಪುರಾವೆಯಾದೀತೇ ಹೊರತು ಬಾಕಿಯನ್ನು ಒಪ್ಪಿಕೊಂಡಿದ್ದಕ್ಕಲ್ಲ.